ತೋಳಿನ ಅಳತೆ

ಜುಲೈ ೬

ಮಗಳೇ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕಾಗದ ಮುಗಿಯುವವರೆಗೂ ಏನಾಯಿತೋ ಏನೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಹಾಗೆ ಹೊಡೆದುಕೊಳ್ಳುವುದು ನನ್ನ ಎದೆ, ನಿನ್ನದಲ್ಲ, ಗೊತ್ತು. ಆದರೂ ಬರೆದೆ.

ನಿನ್ನನ್ನು ಹಾಸ್ಟೆಲಿನಲ್ಲಿ ಬಿಟ್ಟು ಬರುವಾಗ ನಿಮ್ಮಪ್ಪ ಬಸ್ಸಿನಲ್ಲಿ ಗೊರಕೆ ಹೊಡೆದರು. ನಾನು ನಿನ್ನ ಕೋಣೆಯ ಕಿಟಕಿಯನ್ನೇ ನೆನೆಸಿಕೊಳ್ಳುತ್ತಿದ್ದೆ. ಅದರ ಚಿಲಕ ಸಡಿಲ. ಎಬ್ಬಿಸಿ ಹೇಳಿದರೆ, "ಎರಡನೇ ಮಹಡಿಗೆ ಯಾರೇ ಹತ್ತಿ ಬರ್ತಾರೆ, ಸುಮ್ನಿರು" ಅಂದರು. ಹತ್ತುವವರು ಇವರನ್ನು ಕೇಳಿ ಹತ್ತುತ್ತಾರೇನು?

ಬಟ್ಟೆಯ ವಿಷಯ. ನೀನೇ ಒಗೆದುಕೊಳ್ಳುತ್ತೇನೆ ಅಂದೆ. ಬೇಡ. ಆ ಹಾಸ್ಟೆಲಿನ ನೀರು ನೋಡಿದೆ, ಹಳದಿ. ಡ್ರೈವರ್ ಮಾವ ಶನಿವಾರ ಶನಿವಾರ ನಿಮ್ಮ ಯೂನಿವರ್ಸಿಟಿಯ ಮುಂದಿನ ದಾರಿಯಲ್ಲೇ ಬಸ್ಸು ಓಡಿಸುತ್ತಾನೆ. ಗೇಟಿನ ಹತ್ತಿರ ನಿಂತು ಕೊಳೆಬಟ್ಟೆಯ ಗಂಟು ಅವನ ಕೈಗೆ ಕೊಡು, ಒಗೆದ ಗಂಟು ಈಸಿಕೋ. ಆಸ್ಪತ್ರೆಯ ಲಾಂಡ್ರಿಯಲ್ಲಿ ಊರವರ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡುವವಳಿಗೆ ಹೆತ್ತ ಮಗಳ ಬಟ್ಟೆ ಹೊರೆಯಲ್ಲ. ಕಾಗದವನ್ನೂ ಗಂಟಿನೊಳಗೇ ಇಡುತ್ತೇನೆ. ಹಾಸ್ಟೆಲಿನ ಫೋನಿನಲ್ಲಾದರೆ ನಿನ್ನ ಹಿಂದೆ ಸಾಲುಗಟ್ಟಿ ನಿಂತಿರುತ್ತಾರೆ, ನೀನು ಬರೀ ಹೂಂ ಹೂಂ ಅನ್ನುತ್ತೀಯ, ನಾನು ಅಳುತ್ತೇನೆ.

ಈ ಗಂಟಿನಲ್ಲಿ ನಿನ್ನ ಲ್ಯಾಬಿನ ಬಿಳಿ ಕೋಟು ಇದೆ. ತೋಳು ಉದ್ದ ಅಂತ ಅಳತೆ ನೋಡುವಾಗಲೇ ಮುಖ ಊದಿಸಿಕೊಂಡಿದ್ದೆ. ಬೇಕೆಂತಲೇ ಉದ್ದ ಇಟ್ಟಿದ್ದೇನೆ, ಬೆರಳಿನ ಗೆಣ್ಣು ಮುಚ್ಚುವ ಹಾಗೆ. ಸುಟ್ಟಗಾಯದವರ ವಾರ್ಡಿನಿಂದ ಬರುವ ಹಾಸುಗಳನ್ನು ನೋಡುವವಳು ನಾನು, ನೀನಲ್ಲ. ಆಸಿಡ್ಡು ಬಿದ್ದರೆ ಬಟ್ಟೆಯ ಮೇಲೆ ಬೀಳಲಿ. ಗಂಜಿ ಗಟ್ಟಿಯಾಗಿ ಹಾಕಿದ್ದೇನೆ. ತೋಳು ಮಡಚಬೇಡ. ಬೆಂಕಿ ಹಚ್ಚುವಾಗ ಹಿಂದೆ ನಿಲ್ಲು, ಧೈರ್ಯ ಇರುವವರು ಮುಂದೆ ನಿಂತುಕೊಳ್ಳಲಿ.

ಕೋಟು ನೋಡಿ ನಿಮ್ಮಪ್ಪ, "ಇದು ಅವಳ ಕೈ ಅಳತೆ ಅಲ್ಲ ಕಣೇ, ನಿನ್ನ ಹೆದರಿಕೆ ಅಳತೆ" ಅಂದರು. ಗೋಡೆಗೆ ಬಣ್ಣ ಬಳಿಯುವವರಿಗೆ ಬಟ್ಟೆಯ ವಿಷಯ ಏನು ಗೊತ್ತು.

ಜಾಗ್ರತೆ, ಜಾಗ್ರತೆ ಎನ್ನುವ
ನಿನ್ನ ಅಮ್ಮ


ಜುಲೈ ೨೦

ಅಮ್ಮಾ,

ಚಿಲಕ ಸರಿಮಾಡಿಸಿದ್ದಾರೆ. ಮೊದಲು ಅದನ್ನೇ ಬರೆದಿದ್ದೇನೆ ನೋಡು.

ಇಲ್ಲಿ ತರಗತಿ ಎಂದರೆ ಸಿನಿಮಾ ಮಂದಿರದ ಹಾಗೆ, ಹಿಂದಿನ ಸಾಲು ಮೇಲೆ, ಮುಂದಿನ ಸಾಲು ಕೆಳಗೆ. ಮೇಷ್ಟ್ರು ಬೋರ್ಡಿನ ಜೊತೆ ಮಾತಾಡುತ್ತಾರೆ. ಅವರು ಅದನ್ನು ತುಂಬಿಸಿ ಒರೆಸುವ ಹೊತ್ತಿಗೆ ನಾನು ತಾರೀಕು ಬರೆದಿರುತ್ತೇನೆ. ನನಗೊಬ್ಬಳಿಗೇ ಹೀಗೆ ಎಂದುಕೊಂಡು ಪಕ್ಕದವಳ ಪುಸ್ತಕ ಇಣುಕಿದೆ. ಅವಳೂ ತಾರೀಕನ್ನೇ ಬರೆದಿದ್ದಳು, ಅದೂ ಹಿಂದಿನ ದಿನದ್ದು.

ಆ ಪಕ್ಕದವಳೇ ನನ್ನ ಕೋಣೆಯವಳು, ಲ್ಯಾಬಿನಲ್ಲೂ ನನ್ನ ಜೋಡಿ. ಕನ್ನಡಕ ತೆಗೆದರೆ ಬಾಗಿಲು ಬಿಟ್ಟು ಗೋಡೆಗೆ ಹೋಗುತ್ತಾಳೆ. ಎಲ್ಲರೂ ಅವಳನ್ನು ಕನ್ನಡಕ ಎಂದೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಲ್ಯಾಬು ವಾರಕ್ಕೊಮ್ಮೆ. ಲ್ಯಾಬಿನ ಮೇಷ್ಟ್ರು ಮೊದಲ ದಿನವೇ, "ಪ್ರ್ಯಾಕ್ಟಿಕಲ್ ಹೋಯ್ತು ಅಂದ್ರೆ ವರ್ಷ ಹೋಯ್ತು, ವರ್ಷ ಹೋದ್ರೆ ಹಾಸ್ಟೆಲ್ ಸೀಟೂ ಹೋಯ್ತು, ಗಂಟುಮೂಟೆ ಕಟ್ಕೊಂಡು ಮನೆಗೆ" ಅಂದರು. ನೀನು ಹೇಳಿದ ಹಾಗೆ ಹಿಂದೆಯೇ ನಿಲ್ಲುತ್ತೇನೆ. ಮುಂದೆ ಏನು ನಡೆಯುತ್ತದೆ ಎಂದು ಕನ್ನಡಕ ಆಮೇಲೆ ಹೇಳುತ್ತಾಳೆ.

ಅಪ್ಪನಿಗೆ ಹೇಳು, ಗೊರಕೆ ಇಲ್ಲದೆ ನಿದ್ದೆ ಬರುತ್ತಿಲ್ಲ.

ನಿನ್ನ ಮಗಳು


ಆಗಸ್ಟ್ ೧೦

ಮಗಳೇ,

ಫೋನು ಮಾಡಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಹೋದ ವಾರದ ಗಂಟು ಬಿಚ್ಚಿದೆ. ದಿಂಬಿನ ಕವರಿನ ಮೇಲೆ ಕಂದು ಕಲೆ, ಅಂಗೈಯಷ್ಟು. ಮೂಗಿನಿಂದ ರಕ್ತ, ಅದೂ ನಿದ್ದೆಯಲ್ಲಿ, ಅಂತಲೇ ಅಂದುಕೊಂಡೆ. ಇಂಥ ಕಲೆ ನಾನು ಕಾಣದ್ದಲ್ಲ. ನಿಮ್ಮಪ್ಪ ಮೂಸಿ ನೋಡಿ, "ಚಹಾ ಕಣೇ" ಅಂದರು. ಅವರ ಮೂಗಿಗೆ ಬಣ್ಣದ ವಾಸನೆ ಬಿಟ್ಟು ಬೇರೆ ಯಾವುದು ಹತ್ತುತ್ತದೆ? ಆಸ್ಪತ್ರೆಯ ಆಫೀಸಿನಿಂದಲೇ ನಿಮ್ಮ ವಾರ್ಡನ್ನಿಗೆ ಫೋನು ಮಾಡಿದೆ. ನಿನಗೆ ರಕ್ತ ಹೋಗುತ್ತಿದೆ, ಡಾಕ್ಟರಿಗೆ ತೋರಿಸಿ ಅಂದೆ. ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ ಅಂದದ್ದಕ್ಕೆ ಆಕೆ ನನ್ನನ್ನು ಡಾಕ್ಟರೇ ಅಂದುಕೊಂಡರೋ ಏನೋ, ಎಸ್ ಮೇಡಂ ಅಂದರು. ನಾನೂ ಸುಮ್ಮನಿದ್ದೆ.

ಏನಾಯಿತು, ತಕ್ಷಣ ಬರೆ. ಮೂಗು ಸೀಟಬೇಡ. ಅಂಗಾತ ಮಲಗಬೇಡ.

ಜಾಗ್ರತೆ, ಜಾಗ್ರತೆ ಎನ್ನುವ
ನಿನ್ನ ಅಮ್ಮ


ಆಗಸ್ಟ್ ೧೭

ಅಮ್ಮಾ,

ಚಹಾ. ಅಪ್ಪ ಹೇಳಿದ್ದೇ ಸರಿ. ಕನ್ನಡಕ ಲೋಟವನ್ನು ಮೇಜಿನ ಮೇಲೆ ಇಟ್ಟೆ ಎಂದುಕೊಂಡು ನನ್ನ ದಿಂಬಿನ ಮೇಲೆ ಇಟ್ಟಿದ್ದಳು.

ವಾರ್ಡನ್ ಊಟದ ಹಾಲಿಗೆ ಬಂದು, ಎಲ್ಲರ ಎದುರು, "ಯಾರಮ್ಮಾ ಅದು, ರಕ್ತ ಹೋಗ್ತಿರೋಳು? ಡಾಕ್ಟರ್ ಫೋನ್ ಮಾಡಿದ್ರು" ಎಂದು ಕೂಗಿದರು. ಈಗ ಮೆಟ್ಟಿಲು ಹತ್ತುವಾಗ, "ನಿಧಾನ, ನಿಧಾನ, ಪೇಷೆಂಟು" ಎನ್ನುತ್ತಾರೆ. ಗುರುತಿಲ್ಲದವರೂ ಅನ್ನುತ್ತಾರೆ.

ನನ್ನ ಬಟ್ಟೆ ಒಗೆಯಮ್ಮ. ಓದಬೇಡ.

ನಿನ್ನ ಮಗಳು


ಸೆಪ್ಟೆಂಬರ್ ೧೪

ಮಗಳೇ,

ಎರಡು ಮೂರು ಗಂಟು ಹೋಗಿ ಬಂದವು, ನಾನು ಬರೆಯಲಿಲ್ಲ. ನೀನೂ ಬರೆಯಲಿಲ್ಲ. ತಪ್ಪಾಯಿತು. ಇನ್ನು ಮೇಲೆ ಗಂಟು ಬಿಚ್ಚುತ್ತೇನೆ, ಒಗೆಯುತ್ತೇನೆ, ಇಸ್ತ್ರಿ ಮಾಡುತ್ತೇನೆ, ಕಟ್ಟುತ್ತೇನೆ. ಕಲೆ ಕಂಡರೆ ಕಣ್ಣು ಮುಚ್ಚಿ ಉಜ್ಜುತ್ತೇನೆ. ಪ್ರಶ್ನೆ ಇಲ್ಲ. ಮಾತು ಕೊಟ್ಟಿದ್ದೇನೆ.

ಇಲ್ಲಿ ದೊಡ್ಡ ಮಿಷನ್ನು ಕೆಟ್ಟಿದೆ. ಕೆಟ್ಟಾಗ ಆನೆ ಕೆಮ್ಮಿದ ಹಾಗೆ ಸದ್ದಾಯಿತು, ನಾನು ಬಾಗಿಲಾಚೆ ಓಡಿದೆ, ಮಿಕ್ಕವರು ಇನ್ನೂ ನಗುತ್ತಿದ್ದಾರೆ. ನಿಮ್ಮಪ್ಪನಿಗೆ ಶಾಲೆಯೊಂದರ ಕೆಲಸ ಸಿಕ್ಕಿದೆ. ಏಣಿ ಅಲುಗಾಡುತ್ತದೆ ಅಂತ ನನಗೆ ಅನುಮಾನ. ಅವರಿಗಿಲ್ಲ.

ನಿನ್ನ ಕೋಟು ಈ ಸಲವೂ ನಾನು ಹಾಕಿದ ಮಡಿಕೆಯಲ್ಲೇ ಬಂತು. ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದೀಯ ಅಂದುಕೊಂಡೆ. ಅಂದುಕೊಂಡೆ ಅಷ್ಟೆ. ಓದಿದ್ದಲ್ಲ.

ಹೊಟ್ಟೆ ತುಂಬ ಊಟ ಮಾಡು. ಮೆಟ್ಟಿಲಿನಲ್ಲಿ ಅನ್ನುವವರು ಅನ್ನಲಿ, ಕಂಬಿ ಹಿಡಿದುಕೊಂಡೇ ಹತ್ತು.

ಜಾಗ್ರತೆ ಎನ್ನುವ
ನಿನ್ನ ಅಮ್ಮ


ಸೆಪ್ಟೆಂಬರ್ ೨೧

ಅಮ್ಮಾ,

ಎಲ್ಲ ಚೆನ್ನಾಗಿ ನಡೆಯುತ್ತಿದೆ. ತರಗತಿಗಳು ಚೆನ್ನಾಗಿವೆ. ಊಟ ಚೆನ್ನಾಗಿದೆ. ಲ್ಯಾಬೂ ಚೆನ್ನಾಗಿದೆ. ಈ ವಾರ ಕೋಟಿನ ಮೇಲೆ ಸ್ವಲ್ಪ ಕಲೆಯಾಗಿದೆ, ಕೆಲಸ ಮಾಡುವಾಗ ಆಗಿದ್ದು. ಅಪ್ಪನಿಗೆ ಏಣಿ ಹಿಡಿಯಲು ಯಾರನ್ನಾದರೂ ಇಟ್ಟುಕೊಳ್ಳಲು ಹೇಳು.

ನಿನ್ನ ಮಗಳು


ಅಕ್ಟೋಬರ್ ೫

ಮಗಳೇ,

ಕಲೆ ಹೋಯಿತು. ಪೆನ್ನಿನ ಶಾಯಿ, ಬೇಗ ಬಿಟ್ಟಿತು. ತೊಟ್ಟುಕೊಂಡ ಕೋಟಿನ ಮೇಲೆ ಶಾಯಿ ಬಿದ್ದರೆ ಒಂದು ಕಡೆ ಬೀಳುತ್ತದೆ. ಮಡಿಸಿಟ್ಟ ಕೋಟಿನ ಮೇಲೆ ಬಿದ್ದರೆ ಪದರ ಪದರಕ್ಕೂ ಇಳಿದು, ಬಿಡಿಸಿದಾಗ ಎದೆಯಲ್ಲೊಂದು, ಬೆನ್ನಿನಲ್ಲೊಂದು, ತೋಳಿನಲ್ಲೊಂದು ಕಾಣುತ್ತದೆ. ಏನೂ ಕೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಕೇಳುತ್ತಿಲ್ಲ.

ಕೇಳುವ ಬದಲು ನನ್ನದೇ ಒಂದು ವಿಷಯ ಹೇಳುತ್ತೇನೆ. ನಾನು ಶಾಲೆ ಬಿಟ್ಟದ್ದು ಯಾಕೆ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಮನೆಯಲ್ಲಿ ಕಷ್ಟ ಇತ್ತು ಅನ್ನುತ್ತಿದ್ದೆ. ಕಷ್ಟ ಇತ್ತು, ನಿಜ. ಆದರೆ ಆಗಿದ್ದು ಹೀಗೆ. ದೊಡ್ಡಮ್ಮನಿಗೆ ಬಾಣಂತನ, ಕೈಯಾಳಾಗಿ ನನ್ನನ್ನು ಕಳಿಸಿದರು. ತಿರುಗಿ ಬಂದಾಗ ಪಾಠ ಮುಂದೆ ಹೋಗಿತ್ತು. ಕೊನೆಯ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ತಲೆ ಆಡಿಸಿದೆ. ಒಂದು ದಿನ ಟೀಚರು ಎಬ್ಬಿಸಿ ಲೆಕ್ಕ ಕೇಳಿದರು. ಬರಲಿಲ್ಲ. ಅವರು ಬೈಯಲೂ ಇಲ್ಲ, "ಕೂತ್ಕೋ" ಅಂದರು, ಅಷ್ಟೆ. ಮರುದಿನ ಹೊಟ್ಟೆನೋವು ಅಂದೆ. ಅದರ ಮರುದಿನವೂ ಅಂದೆ. ಒಂದೊಂದು ದಿನ ಹೋಗದಿದ್ದಾಗಲೂ ಆ ಶಾಲೆಯ ಬಾಗಿಲು ಸ್ವಲ್ಪ ಸ್ವಲ್ಪ ಭಾರವಾಗುತ್ತಾ ಬಂತು. ಆಮೇಲೆ ನನ್ನ ಕೈಯಲ್ಲಿ ತಳ್ಳಲಾಗಲಿಲ್ಲ. ಯಾರೂ ಬಿಡಿಸಲಿಲ್ಲ ಕಣೇ. ಯಾರೂ ಕರೆಯಲೂ ಇಲ್ಲ.

ಇದನ್ನು ಯಾಕೆ ಬರೆದೆನೋ. ಇಸ್ತ್ರಿ ಕಾಯುವವರೆಗೆ ಕೈ ಖಾಲಿ ಇತ್ತು, ಅದಕ್ಕೆ.

ಜಾಗ್ರತೆ ಎನ್ನುವ
ನಿನ್ನ ಅಮ್ಮ


ಅಕ್ಟೋಬರ್ ೧೯

ಮಗಳೇ,

ಹೋದ ಶನಿವಾರ ಗಂಟು ಬರಲಿಲ್ಲ. ಗೇಟಿನ ಹತ್ತಿರ ಹಾರ್ನು ಹೊಡೆದೂ ಹೊಡೆದೂ ಬಂದೆ, ಪ್ಯಾಸೆಂಜರುಗಳು ಬೈದರು ಅಂತ ಡ್ರೈವರ್ ಮಾವ ಹೇಳಿದ. ನಾನು ಹೋದ ಸಲ ಬರೆದಿದ್ದಕ್ಕೆ ಬೇಜಾರಾಯಿತೇನೋ. ಅದನ್ನು ಹರಿದು ಹಾಕು. ಜ್ವರ ಬಂದಿದೆಯಾ? ಹಾಸ್ಟೆಲಿಗೆ ಫೋನು ಮಾಡಲು ಎರಡು ಸಲ ಕೈ ಹೋಯಿತು, ಎರಡು ಸಲವೂ ಇಟ್ಟೆ. ಇಡುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ.

ಕೊಳೆಬಟ್ಟೆ ಇಲ್ಲದಿದ್ದರೆ ಒಗೆದ ಬಟ್ಟೆಯನ್ನಾದರೂ ಕಳಿಸು. ಇನ್ನೊಮ್ಮೆ ಒಗೆಯುತ್ತೇನೆ.

ನಿನ್ನ ಅಮ್ಮ


ನವೆಂಬರ್ ೨

ಅಮ್ಮಾ,

ನೀನು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಕೇಳದೆ ಇದ್ದುದರಿಂದ ಹೇಳಲೇಬೇಕಾಗಿದೆ.

ಆಗಸ್ಟ್ ಕೊನೆಯಿಂದ ನಾನು ಲ್ಯಾಬಿಗೆ ಹೋಗಿಲ್ಲ. ಹೇಳಿದರೆ ನೀನು ಹೊರಟು ಬರುತ್ತೀಯ ಎಂದು ಹೇಳಲಿಲ್ಲ. ಇದು ಅರ್ಧ ಕಾರಣ. ಇನ್ನರ್ಧ, ಕೋಟಿನ ತೋಳು.

ಹರಳು ಬೆಳೆಸುವ ಪಾಠ ನಡೆಯುತ್ತಿತ್ತು. ಗಾಜಿನ ಬಟ್ಟಲಿನಲ್ಲಿ ನೀರಿಗೆ ಮೈಲುತುತ್ತ ಕರಗಿಸಿಟ್ಟು, ಅಲುಗಿಸದೆ, ವಾರಗಟ್ಟಲೆ ಕಾಯಬೇಕು. ಕನ್ನಡಕದ ಬಟ್ಟಲಿನಲ್ಲಿ ನೀಲಿ ಹರಳು ಹೆಬ್ಬೆರಳಿನ ಉಗುರಿನಷ್ಟಾಗಿತ್ತು. ದಿನಾ ಹೋಗಿ ಅದನ್ನು ಮಾತಾಡಿಸಿಕೊಂಡು ಬರುತ್ತಿದ್ದಳು. ನಾನು ಎಂದಿನಂತೆ ಹಿಂದೆ ನಿಂತಿದ್ದೆ. ಅವಳ ಭುಜದಾಚೆಯಿಂದ ಕೈ ಚಾಚಿ ಚಮಚ ತೆಗೆದುಕೊಳ್ಳಲು ಹೋದೆ. ಗಂಜಿ ಹಾಕಿದ ತೋಳಿನ ತುದಿ ಬಟ್ಟಲಿಗೆ ತಗುಲಿತು. ಬೆರಳಿಗೆ ತಗುಲಿದ್ದರೆ ಗೊತ್ತಾಗುತ್ತಿತ್ತು.

ಬಟ್ಟಲು ಚೂರುಚೂರಾಯಿತು. ಮೇಷ್ಟ್ರು ಬಂದು, "ಏನಮ್ಮಾ, ಕೋಟೊಂದೇ ಬಂದಿದೆಯೋ, ಒಳಗೆ ಯಾರಾದ್ರೂ ಇದ್ದೀರೋ? ಮೊದ್ಲು ಕೈ ತೋರಿಸು" ಅಂದರು. ತೋಳು ಮಡಚಿದೆ. ಗಂಜಿಗೆ ಬಿಚ್ಚಿಕೊಂಡಿತು. ಮತ್ತೆ ಮಡಚಿದೆ, ಮತ್ತೆ ಬಿಚ್ಚಿಕೊಂಡಿತು. ಹಿಂದಿನಿಂದ ಯಾರೋ, "ಪೇಷೆಂಟ್‌ಗೆ ಬ್ಯಾಂಡೇಜು ಸರ್" ಅಂದರು. ಎಲ್ಲರೂ ನಕ್ಕರು. ಕನ್ನಡಕ ನಗಲಿಲ್ಲ. ನೆಲದಲ್ಲಿ ಕೂತು ಚೂರು ಆರಿಸುತ್ತಿದ್ದಳು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ವಾರ ತಲೆನೋವು ಎಂದೆ. ಆಮೇಲಿನದು ನಿನಗೇ ಗೊತ್ತು, ನಿನ್ನ ಕಾಗದದಲ್ಲೇ ಇದೆ.

ಈಗ ಲ್ಯಾಬಿನ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ. ತಪ್ಪಿಸಿಕೊಂಡವರು ಈ ತಿಂಗಳು ಮುಗಿಯುವುದರೊಳಗೆ ಮೇಷ್ಟ್ರನ್ನು ಕಂಡು ಮಾತಾಡಬೇಕು, ಇಲ್ಲವಾದರೆ ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಬಾಗಿಲವರೆಗೆ ಹೋಗುತ್ತೇನೆ, ನೋಟಿಸು ಓದುತ್ತೇನೆ, ವಾಪಸ್ ಬರುತ್ತೇನೆ. ಬಾಯಿಪಾಠವಾಗಿದೆ.

ಕೋಟು ಕಳಿಸಿದ್ದೇನೆ. ನಿನ್ನ ಮೇಲೆ ಕೋಪ ಇಲ್ಲಮ್ಮ. ಬರಬೇಡ.

ನಿನ್ನ ಮಗಳು


ನವೆಂಬರ್ ೯

ಮಗಳೇ,

ಬಸ್‌ಸ್ಟ್ಯಾಂಡಿನ ಪಕ್ಕದ ದರ್ಜಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಅಲ್ಲಾಡಿದ್ದರೆ ಅದು ಅವನ ಮಿಷನ್ನು ಅಲ್ಲಾಡಿಸಿದ್ದು, ನಾನಲ್ಲ. ನಾನೂ ಸ್ವಲ್ಪ.

ಬರಬೇಡ ಅಂದಿದ್ದೆ. ಆದರೂ ಹೊರಟೆ. ವಾರವಿಡೀ ಅನ್ನ ಇಳಿಯಲಿಲ್ಲ. ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಕೋಟು ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಕೂತೆ. ಡ್ರೈವರ್ ಮಾವ ಕನ್ನಡಿಯಲ್ಲಿ ನೋಡಿದ.

"ಎಲ್ಲಿಗಕ್ಕಾ?"

"ಯೂನಿವರ್ಸಿಟಿಗೆ. ಆ ಲ್ಯಾಬ್ ಮೇಷ್ಟ್ರ ಹತ್ರ ಮಾತಾಡ್ಬೇಕು."

"ಏನಂತ ಮಾತಾಡ್ತೀಯ?"

"ತೋಳು ಹೊಲಿದೋಳು ನಾನು, ಮಗು ತಪ್ಪಿಲ್ಲ ಅಂತೀನಿ."

"ಅನ್ನು. ನೀನು ಹಾಗಂತಿರುವಾಗ ಅವಳು ಎಲ್ಲಿ ನಿಂತಿರ್ತಾಳೆ?"

"ನನ್ನ ಹಿಂದೆ" ಅಂದೆ.

ಬಾಯಿಂದ ಬಂದ ಮೇಲೆ ಕಿವಿಗೆ ಕೇಳಿಸಿತು. ಹಿಂದೆ ನಿಲ್ಲು, ಹಿಂದೆ ನಿಲ್ಲು ಅಂತ ಬರೆದವಳೂ ನಾನೇ ಅಲ್ಲವೇ. ಅವನು ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತಿದ್ದ. ನಾನು ಇಳಿದುಬಿಟ್ಟೆ.

ಇಳಿದು ಈ ದರ್ಜಿಯ ಹತ್ತಿರ ಕತ್ತರಿ ಕೇಳಿದೆ. ನಿನ್ನ ಕೈ ಇಲ್ಲಿಲ್ಲ, ಅಳತೆ ಎಲ್ಲಿಂದ ತರಲಿ. ಕೋಟನ್ನು ಸೀರೆಯ ಮೇಲೆ ನಾನೇ ಹಾಕಿಕೊಂಡೆ. ನನ್ನಷ್ಟೇ ಉದ್ದ ಆಗಿದ್ದೀಯ, ನಿನ್ನ ಕೈಯೂ ನನ್ನಷ್ಟೇ. ಅದು ನನಗೆ ಗೊತ್ತೇ ಇರಲಿಲ್ಲ ನೋಡು. "ಎಲ್ಲಿಗೆ ಕತ್ತರಿಸಲಿ?" ಅಂತ ಅವನು ಕೇಳಿದ. ಗೆಣ್ಣಿನಿಂದ ಸ್ವಲ್ಪ ಮೇಲೆ ಅಂದೆ. "ಅಷ್ಟಕ್ಕೆ ಕತ್ತರಿ ಯಾಕಮ್ಮ, ಹಲ್ಲಲ್ಲೇ ಕಚ್ಚಿ" ಅಂದ. ಇನ್ನೂ ಸ್ವಲ್ಪ ಮೇಲೆ ಅಂದೆ. ಕೊನೆಗೆ ಮಣಿಕಟ್ಟು ಪೂರ್ತಿ ಕಾಣುವ ಹಾಗೆ ಕತ್ತರಿಸಿದೆ. ನಾನೇ ಕತ್ತರಿಸಿದೆ. ಈಗ ಅವನು ಅಂಚು ಹೊಲಿಯುತ್ತಿದ್ದಾನೆ, ಬಸ್ಸು ಹಾರ್ನು ಹೊಡೆಯುತ್ತಿದೆ, ಒಳಗಿನಿಂದ ಯಾರೋ, "ಮದುವೆ ಬಟ್ಟೆನಾ ಅದು?" ಅಂತ ಕೂಗುತ್ತಿದ್ದಾರೆ.

ಗಂಜಿ ತೆಗೆಯಲು ಹೊತ್ತಿಲ್ಲ. ಒಂದು ಸಲ ನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ, ಹಳದಿ ನೀರಾದರೂ ಆದೀತು.

ಬಾಗಿಲು ಭಾರವೇ. ಆದರೆ ನೀನು ಇನ್ನೂ ಅದರ ಹತ್ತಿರ ಹೋಗಿ ಬರುತ್ತಿದ್ದೀಯ. ನಾನು ಆ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ನಿನ್ನ ಅಮ್ಮ


ನವೆಂಬರ್ ೨೩

ಅಮ್ಮಾ,

ಹೋದೆ.

ಕೋಟು ತೊಟ್ಟುಕೊಂಡೇ ಹೋದೆ. ಮೇಷ್ಟ್ರು ಬೀಕರು ತೊಳೆಯುತ್ತಿದ್ದರು. ಬಾಗಿಲಲ್ಲೇ ನಿಂತು, ಸರ್, ಬಟ್ಟಲು ಬೀಳಿಸಿದವಳು ನಾನು ಎಂದೆ. "ಯಾವ ಬಟ್ಟಲು?" ಅಂದರು. ಅವರಿಗೆ ನೆನಪೇ ಇಲ್ಲಮ್ಮ. ನೀನು ಅನ್ನ ಬಿಟ್ಟೆ, ನಾನು ಲ್ಯಾಬು ಬಿಟ್ಟೆ, ಅವರು ಮರುದಿನವೇ ಮರೆತಿದ್ದಾರೆ. "ವಾರಕ್ಕೆ ಹತ್ತು ಬಟ್ಟಲು ಒಡೀತಾವೆ, ಯಾವುದನ್ನ ಅಂತ ಲೆಕ್ಕ ಇಡ್ಲಿ. ಬರ್ದೇ ಇದ್ದದ್ದಕ್ಕೆ ಬೈತೀನಿ, ಒಳಗೆ ಬಾ" ಅಂದರು. ಚೆನ್ನಾಗಿ ಬೈದರು. ಬರ್ನರ್ ಹಚ್ಚಲು ಹೇಳಿದರು. ಮೊದಲ ಕಡ್ಡಿ ನನ್ನ ಕೈ ನಡುಗಿಯೇ ಆರಿತು. ನಡುಗುವುದು ಕಾಣಿಸಿತು, ಅಷ್ಟು ಚೆನ್ನಾಗಿ ಕತ್ತರಿಸಿದ್ದೀಯ.

ಕನ್ನಡಕ ಅವತ್ತಿನ ಹರಳಿನ ಒಂದು ಚೂರನ್ನು ಇಟ್ಟುಕೊಂಡಿದ್ದಳಂತೆ. ದಾರ ಕಟ್ಟಿ ಹೊಸ ಬಟ್ಟಲಿನಲ್ಲಿ ಇಳಿಬಿಟ್ಟಿದ್ದೇವೆ. ದಿನಾ ಇಬ್ಬರೂ ಹೋಗಿ ಮಾತಾಡಿಸುತ್ತೇವೆ.

ಒಂದು ವಿಷಯ. ತಪ್ಪಿಸಿಕೊಂಡ ಪಾಠಗಳನ್ನೆಲ್ಲ ಶನಿವಾರ ಬಂದು ಮುಗಿಸಬೇಕು. ಬಸ್ಸು ಬರುವ ಹೊತ್ತಿಗೆ ಗೇಟಿಗೆ ಬರಲಾಗುವುದಿಲ್ಲ. ಬಟ್ಟೆ ನಾನೇ ಒಗೆದುಕೊಳ್ಳುತ್ತೇನೆ. ಈ ಕಾಗದ ಅಂಚೆಯಲ್ಲಿ ಬರುತ್ತದೆ. ಎಲ್ಲ ಮುಗಿಸಿದರೆ ಫೆಬ್ರವರಿ ಕೊನೆಗೆ ಪರೀಕ್ಷೆಗೆ ಕೂರಿಸುತ್ತಾರೆ.

ನಿನ್ನ ಮಗಳು


ಫೆಬ್ರವರಿ ೧೯

ಮಗಳೇ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಶನಿವಾರ ಬಂದರೆ ಇನ್ನೂ ನನ್ನ ಕಾಲು ಬಸ್‌ಸ್ಟ್ಯಾಂಡಿನ ಕಡೆಗೇ ತಿರುಗುತ್ತದೆ. ಡ್ರೈವರ್ ಮಾವ ಎರಡೂ ಕೈ ಮೇಲೆತ್ತಿ ತೋರಿಸುತ್ತಾನೆ, ಖಾಲಿ ಅಂತ. "ಎರಡೂ ಕೈ ಬಿಡಬೇಡ, ಸ್ಟೇರಿಂಗು ಹಿಡ್ಕೋ" ಅಂತ ಬೈದು ಬರುತ್ತೇನೆ. ಯಾರಿಗಾದರೂ ಹೇಳಬೇಕಲ್ಲ.

ನಿನ್ನ ಪರೀಕ್ಷೆ ಸೋಮವಾರ ಅಂತ ನಿಮ್ಮಪ್ಪ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ಅಳಿಸಲು ಬರುವುದಿಲ್ಲ. ನೀನು ಪಾಸಾದರೂ ಅಲ್ಲೇ ಇರುತ್ತದೆ, ಆಗದಿದ್ದರೂ ಅಲ್ಲೇ ಇರುತ್ತದೆ ಅಂತ ನನಗೆ ದಿಗಿಲು. ಎರಡೂ ಆದರೆ ಅದರ ಮೇಲೆ ಬೇರೆ ಬಣ್ಣ ಹೊಡೀತೀನಿ ಬಿಡು ಅಂದರು. ಎರಡೂ ಹೇಗೆ ಆಗುತ್ತದೆ? ಅವರ ಮಾತು ಹಾಗೇ.

ಕೋಟಿನಿಂದ ಕತ್ತರಿಸಿದ ತುಂಡುಗಳನ್ನು ದರ್ಜಿ ಗುಡಿಸಿ ಎಸೆಯುತ್ತಿದ್ದ. ಈಸಿಕೊಂಡು ಬಂದಿದ್ದೆ. ಪೆಟ್ಟಿಗೆಯಲ್ಲಿ ಇಟ್ಟಿದ್ದೆ, ಆಮೇಲೆ ತೆಗೆದೆ. ಈಗ ಎರಡನ್ನೂ ನನ್ನ ಇಸ್ತ್ರಿಯ ಹಿಡಿಗೆ ಸುತ್ತಿದ್ದೇನೆ. ಹಿಡಿ ಕಾದರೂ ನನ್ನ ಅಂಗೈ ಸುಡುವುದಿಲ್ಲ. ಅಂತೂ ಅಷ್ಟು ಬಟ್ಟೆ ಯಾರೋ ಒಬ್ಬರಿಗೆ ಬೇಕಾಗಿಯೇ ಇತ್ತು.

ಸೋಮವಾರ ಮುಂದೆ ನಿಂತುಕೋ.

ಇದರ ಕೆಳಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಮೇಲೆ ಮೇಲೆ ಗೀಚಿದ್ದೇನೆ, ಕಾಣುವುದಿಲ್ಲ. ಬೆಳಕಿಗೆ ಹಿಡಿದು ಓದಬೇಡ.

ನಿನ್ನ ಅಮ್ಮ